ಬಿನ್‌ನಲ್ಲಿ ಉಳಿದ ಮದರಂಗಿ

ಹಸೀನಾಳ ಮದರಂಗಿಗೆ ಬಂದ ಹೆಂಗಸರೆಲ್ಲ ಮೊಬೈಲನ್ನು ಬಾಗಿಲಲ್ಲೇ ಒಂದು ಬಟ್ಟೆ ಚೀಲಕ್ಕೆ ಹಾಕಿ ಒಳಗೆ ಹೋಗಿದ್ದರು. ಕಾಪುವಿನ ಆ ಮನೆಯವರ ಕ್ರಮವೇ ಹಾಗೆ. ಗಂಡಸರಿಲ್ಲದ ಕೋಣೆಯಲ್ಲಿ ತಲೆಯ ಬಟ್ಟೆ ತೆಗೆದು, ಕೂದಲು ಬಿಟ್ಟು, ಕೈತಟ್ಟಿ ಹಾಡುವಾಗ ಫೋಟೋ ತೆಗೆಯಲು ಒಬ್ಬಳಿಗೆ ಮಾತ್ರ ಒಪ್ಪಿಗೆ. ಮದುಮಗಳು ಮನಸಾರೆ ನೋಡಿದ ಮೇಲೆ ಅವಳೆದುರಿಗೇ ಎಲ್ಲವನ್ನೂ ಅಳಿಸಬೇಕು. ಈ ಸಲ ಎಲ್ಲರ ಬಾಯಲ್ಲೂ ಬಂದದ್ದು ನೆರೆಮನೆಯ ರಿಝಾನಾಳ ಹೆಸರು.

“ಅವಳಾದರೆ ಹೆದರಿಕೆಯಿಲ್ಲ. ಗ್ಯಾಸ್ ಬಂದ್ ಮಾಡಿ ಮತ್ತೆ ಮತ್ತೆ ಹೋಗಿ ನೋಡುವ ಜನ ಅದು” ಎಂದು ಹಸೀನಾಳ ಚಿಕ್ಕಮ್ಮ ನಗೆಯಾಡಿದ್ದರು.

ರಿಝಾನಾಳ ಕೈಯಲ್ಲಿದ್ದದ್ದು ಹೊಸ ಮೊಬೈಲು. ದುಬೈಯಲ್ಲಿರುವ ಗಂಡ ನೌಶಾದ್ ಹಿಂದಿನ ತಿಂಗಳು ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ್ದು. “ಎಲ್ಲ ಹಾಕಿ ಸರಿಮಾಡಿದ್ದೇನೆ, ನೀನು ಸಿಮ್ ಹಾಕಿದರೆ ಸಾಕು” ಎಂದಿದ್ದ. ಅದರಲ್ಲಿ ಅವನ ಕೆಲವು ಫೋಟೋಗಳೂ ಇದ್ದವು. ಕ್ಯಾಮೆರಾ ನೋಡಲು ತೆಗೆದದ್ದಿರಬೇಕು ಎಂದುಕೊಂಡು ಅವಳು ಹಾಗೇ ಬಿಟ್ಟಿದ್ದಳು.

ಮದರಂಗಿ ಮುಗಿಯುವ ಹೊತ್ತಿಗೆ ಹಸೀನಾಳಿಗೆ ಸುಸ್ತಾಗಿತ್ತು. “ಸಾಕು ಮಾರಾಯ್ತಿ, ತೆಗೆದು ತೆಗೆದು ನನ್ನ ಮುಖ ಸವೆದುಹೋಯಿತು” ಎಂದು ಎರಡೂ ಅಂಗೈಗಳನ್ನು ಮುಖಕ್ಕೆ ಅಡ್ಡ ಹಿಡಿದಳು. ರಿಝಾನಾ ಅದನ್ನೂ ತೆಗೆದಳು. ಕೊನೆಯ ಫೋಟೋ ಅದೇ.

ನಿಕಾಹ್ ಮುಗಿದ ಮಾರನೆಯ ದಿನ ಇಬ್ಬರೂ ಮಂಚದ ಮೇಲೆ ಕಾಲು ಮಡಚಿ ಕೂತು ಒಂದೊಂದೇ ನೋಡಿದರು, ನಕ್ಕರು, ಅಳಿಸಿದರು.

“ಎಲ್ಲ ಹೋಯಿತಲ್ವಾ?” ಎಂದಳು ಹಸೀನಾ.

“ಹೋಯಿತು.”

ರಿಝಾನಾ ಮಾತು ಕೊಡುವುದರಲ್ಲಿ ಬಲು ಹಿಡಿತದವಳು. ಆ ದಿನ ಸಲೀಸಾಗಿ ಕೊಟ್ಟುಬಿಟ್ಟಳು.

ಅವಳ ಕೆಲಸ ಮಣಿಪಾಲದ ಒಂದು ಲೈಬ್ರರಿಯಲ್ಲಿ. ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ, ಅಷ್ಟೆಲ್ಲ ಫೋಟೋ ಅಳಿಸಿದರೂ ಜಾಗ ತುಂಬಿದೆ ಎಂದೇ ಮೊಬೈಲು ಹೇಳುತ್ತಿದೆ ಎಂದು ಜತೆಯ ಯಶ್ಮಿತಾಳ ಹತ್ತಿರ ದೂರಿದಳು.

“ಡಿಲೀಟ್ ಮಾಡಿದ್ದು ಅಷ್ಟು ಬೇಗ ಎಲ್ಲಿಗೆ ಹೋಗ್ತದೆ? ಬಿನ್ ಅಂತ ಒಂದು ಕಸದ ಬುಟ್ಟಿ ಉಂಟು, ಅದರಲ್ಲಿ ಎರಡು ತಿಂಗಳು ಹಾಯಾಗಿ ಮಲಗಿರ್ತದೆ. ಅಲ್ಲಿಂದಲೂ ತೆಗೀಬೇಕು.”

ರಿಝಾನಾಳ ಕೈ ಡಬ್ಬಿಯಲ್ಲೇ ನಿಂತಿತು.

“ಮುಖ ಎಂತ ಹಾಗಾಯ್ತು? ಕದ್ದ ಮಾಲು ಉಂಟಾ ಅದರಲ್ಲಿ?”

“ಮದುವೆ ಮನೆಯದ್ದು” ಎಂದಷ್ಟೇ ಹೇಳಿ, ಕೈ ತೊಳೆದು, ಅವಳು ಹಳೆಯ ಪತ್ರಿಕೆಗಳ ಕಪಾಟಿನ ಸಂದಿಗೆ ಹೋದಳು. ಅಲ್ಲಿಗೆ ಯಾರೂ ಬರುವುದಿಲ್ಲ. ಆದರೂ ಪರದೆಯನ್ನು ಎದೆಯ ಕಡೆಗೆ ವಾಲಿಸಿಕೊಂಡೇ ಬಿನ್ ತೆರೆದಳು.

ಎಲ್ಲವೂ ಅಲ್ಲಿತ್ತು. ಬಿಚ್ಚುಗೂದಲಿನ ಹಸೀನಾ, ಬಾಯ್ತುಂಬ ನಗುವ ಚಿಕ್ಕಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಯುತ್ತಿದ್ದ ತನ್ನ ಹೆತ್ತ ಉಮ್ಮ ಝೈನಬ್. ಅವರೆಲ್ಲರ ಕೆಳಗೆ ಅವಳು ತೆಗೆಯದ ಒಂದು ಫೋಟೋ. ನೀಲಿ ಹಾಸಿಗೆಯ ಮೇಲೆ, ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ ಗಂಡಸಿನ ಕೈ. ಹೊರಗೆ ಇಣುಕುತ್ತಿದ್ದ ಕಿರುಬೆರಳಿನಲ್ಲಿ ನಡುವೆ ಸೀಳಿದ ಉಗುರು. ಆ ಉಗುರು ಅವಳಿಗೆ ಗೊತ್ತು. ತಾರೀಖು ಮಾತ್ರ ಈ ತಿಂಗಳಿನದು.

ಮೊಬೈಲು ಹೋದ ತಿಂಗಳಿನಿಂದ ತನ್ನ ಕೈಯಲ್ಲೇ ಇದೆ. ಹಾಗಿದ್ದರೆ ಇದು ಬಂದದ್ದು ಹೇಗೆ?

ನಿಂತಲ್ಲೇ ಅವಳಿಗೆ ಹೊಳೆಯಿತು. ನೌಶಾದ್ ಸರಿಮಾಡಿ ಕಳುಹಿಸಿದ್ದು ಅವನದೇ ಖಾತೆ ಹಾಕಿ. ಅವನು ತೆಗೆದದ್ದು ಇಲ್ಲಿಗೆ ಬರುತ್ತಿತ್ತು, ಅವಳು ತೆಗೆದದ್ದು ಅಲ್ಲಿಗೆ ಹೋಗುತ್ತಿತ್ತು. ಹಸೀನಾಳ ಬಿಚ್ಚುಗೂದಲು ದುಬೈಯ ಒಂದು ರೂಮಿನಲ್ಲಿ, ನಾಲ್ಕು ಗಂಡಸರ ನಡುವೆ, ಯಾವುದೋ ಮಂಚದ ಮೇಲೆ ಬಿದ್ದಿರುವ ಮೊಬೈಲಿನಲ್ಲಿತ್ತು.

ಬಿನ್ ಪೂರ್ತಿ ಖಾಲಿ ಮಾಡಲು ಒಂದು ಒತ್ತು ಸಾಕಿತ್ತು. ಆದರೆ ಆ ಕೈಯೂ ಹೋಗುತ್ತಿತ್ತು. ಅವಳು ಹೆಂಗಸರ ಫೋಟೋಗಳನ್ನಷ್ಟೇ ಒಂದೊಂದಾಗಿ ಆರಿಸಿದಳು. ಶಾಶ್ವತವಾಗಿ ಅಳಿಸಬೇಕೇ, ಮರಳಿ ಸಿಗುವುದಿಲ್ಲ ಎಂದು ಮೊಬೈಲು ಕೇಳಿತು. ಒತ್ತಿದಳು. ಬ್ಯಾಂಡೇಜಿನ ಕೈ ಒಂದೇ ಉಳಿಯಿತು.

ನಂತರ ಗಂಡನಿಗೆ ಫೋನು ಮಾಡಿದಳು. ಕೆಲವು ದಿನಗಳಿಂದ ಅವನು ವಿಡಿಯೋದಲ್ಲಿ ಬರುತ್ತಿರಲಿಲ್ಲ. ನೆಟ್ ಸರಿಯಿಲ್ಲ ಎನ್ನುತ್ತಿದ್ದ.

“ಎಂತ, ಈ ಹೊತ್ತಿಗೆ?”

“ನೀವು ಈ ವಾರ ಮೊಬೈಲಿನಲ್ಲಿ ಫೋಟೋಗಳನ್ನು ನೋಡಿದ್ದೀರಾ?”

“ಒಂದು ಸಲ ತೆರೆದೆ. ಮೇಲೆಯೇ ಎರಡು ಮದರಂಗಿ ಕೈ, ಮುಖಕ್ಕೆ ಅಡ್ಡ ಹಿಡಿದದ್ದು. ಹೆಂಗಸರ ಗೌಜಿ ಎಂದು ಗೊತ್ತಾಯಿತು, ಕೂಡಲೇ ಮುಚ್ಚಿದೆ. ಮತ್ತೆ ಆ ಕಡೆಗೇ ಹೋಗಲಿಲ್ಲ.”

“ರೂಮಿನವರು?”

“ನನ್ನ ಮೊಬೈಲು ನನ್ನ ಕಿಸೆಯಲ್ಲೇ ಇರುವುದು. ಅವರು ಕೇಳುವುದು ಚಾರ್ಜರ್ ಮಾತ್ರ.”

“ನನಗೆ ಹೇಳಬಹುದಿತ್ತಲ್ಲ?”

“ಹೇಳಿದ್ದರೆ ನೀನು ಮದುವೆಯಲ್ಲಿ ಒಂದು ತುತ್ತು ಉಣ್ಣುತ್ತಿದ್ದೆಯಾ? ಮದುವೆ ಕಳೆಯಲಿ ಅಂತ ಸುಮ್ಮನಿದ್ದೆ.”

“ಅವೆಲ್ಲ ಈಗ ನಿಮ್ಮಲ್ಲಿಂದಲೂ ಹೋದವು” ಎಂದಳು. “ಬಿನ್‌ನಲ್ಲಿ ಒಂದೇ ಫೋಟೋ ಉಳಿದಿದೆ. ಅದರಲ್ಲಿ ಮದರಂಗಿ ಇಲ್ಲ.”

“ಯಾವುದದು?” ಎಂದ ಅವನು.

“ನೆಟ್ ಈಗ ಸರಿ ಉಂಟಾ?” ಎಂದು ಕೇಳಿದಳು.

ನೌಶಾದ್ ವಿಡಿಯೋದಲ್ಲಿ ಬಂದ. ಬ್ಯಾಂಡೇಜು ಈಗ ಅಂಗೈಗಷ್ಟೇ ಇಳಿದಿತ್ತು. “ಗೋಡೌನಿನ ಶಟರ್ ಬಿತ್ತು. ಆಫೀಸಿಗೆ ಕಳುಹಿಸಲು ಫೋಟೋ ತೆಗೆದು ಅಳಿಸಿದ್ದೆ. ಬೆರಳೆಲ್ಲ ಮಡಚುತ್ತದೆ, ನೋಡು.” ಮಡಚಿ ತೋರಿಸಿದ. ಅವಳು ಎರಡನೆಯ ಸಲವೂ ಮಡಚಿಸಿದಳು.

“ಅದನ್ನೂ ತೆಗೆದುಬಿಡು” ಎಂದ.

“ನಿಮ್ಮದನ್ನು ನೀವೇ ತೆಗೆಯಿರಿ. ಆ ಕೈಯಲ್ಲೇ.”

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬರುವವರೆಗೂ ಅವಳು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಹೇಳದಿದ್ದರೆ ಹಸೀನಾಳಿಗೆ ಎಂದೂ ತಿಳಿಯುವುದಿಲ್ಲ. ಅದೇ ಅವಳನ್ನು ಕೊರೆಯುತ್ತಿತ್ತು. ಹಸೀನಾ ಇನ್ನೂ ತವರಿನಲ್ಲೇ ಇದ್ದಳು. ಮನೆಗೆ ಹೋಗದೆ ನೇರ ಪಕ್ಕದ ಗೇಟು ತೆರೆದಳು.

ಹಸೀನಾ ಕೊನೆಯವರೆಗೂ ಕೇಳಿದಳು. ನಗಲಿಲ್ಲ.

“ಅವರು ನೋಡಿದ್ದು ಯಾವುದು?”

“ಕೊನೆಯದು. ನೀನು ಕೈ ಅಡ್ಡ ಹಿಡಿದದ್ದು. ಕೆಳಗೆ ಸಣ್ಣದಾಗಿ ಬೇರೆಯವೂ ಇದ್ದಿರಬೇಕು. ನೋಡದೆ ಮುಚ್ಚಿದೆ ಎಂದರು. ನಾನು ನಂಬಿದ್ದೇನೆ. ನೀನು ನಂಬಲೇಬೇಕೆಂದಿಲ್ಲ.”

ಹಸೀನಾ ತನ್ನ ಅಂಗೈ ನೋಡಿಕೊಂಡಳು. ಕೆಂಪು ಆಗಲೇ ಮಾಸತೊಡಗಿತ್ತು. “ಬಿನ್ ತೋರಿಸು.”

ರಿಝಾನಾ ತೋರಿಸಿದಳು. ಖಾಲಿ. ಬ್ಯಾಂಡೇಜಿನ ಕೈಯೂ ಅಲ್ಲಿರಲಿಲ್ಲ. ಅವಳೆದುರಿಗೇ ಗಂಡನ ಖಾತೆಯನ್ನು ಮೊಬೈಲಿನಿಂದ ತೆಗೆದು, ತನ್ನದೊಂದು ಹೊಸದನ್ನು ಹಾಕಿದಳು.

“ನಿನ್ನ ಗಂಡ ನನ್ನನ್ನು ಮನೆಯ ಹಾಲ್‌ನಲ್ಲಿ ನೋಡಿದರೂ ತಲೆ ತಗ್ಗಿಸಿ ಹೋಗುವವರು” ಎಂದಳು ಹಸೀನಾ ಕೊನೆಗೆ. “ನನಗೆ ಸಾಕೆನಿಸಿದ್ದೂ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಕೊನೆಯದರಲ್ಲಿ ನನ್ನ ಹಲ್ಲು ಇರುತ್ತಿತ್ತು.” ಈಗ ನಕ್ಕಳು. “ಕೂತುಕೋ, ಚಾ ಕುಡಿದು ಹೋಗು. ನನ್ನ ತಂಗಿಯ ಮದರಂಗಿಗೂ ನೀನೇ ಫೋಟೋ ತೆಗೆಯುವುದು.”

ಚಾ ಬರುವವರೆಗೆ ರಿಝಾನಾ ಮೊಬೈಲನ್ನು ಮಡಿಲಲ್ಲಿಟ್ಟು ಕೂತಳು. ಒಳಗೆ ಲೋಟದ ಸದ್ದಾದಾಗ ಮೆಲ್ಲನೆ ಬಿನ್ ಇನ್ನೊಮ್ಮೆ ತೆರೆದು ನೋಡಿದಳು.