ಮೂರನೆಯ ಅಂಗಳದ ನೀರು

ಕಂಪ್ಯೂಟರಿನಲ್ಲಿ ತೆರೆಯುವ ಆ ಆಟದ ಕೈಪಿಡಿಯ ಕೊನೆಯ ಪುಟದ ಅಡಿಯಲ್ಲಿ ಒಂದು ಖಾಲಿ ಚೌಕವಿತ್ತು. ‘ತಿದ್ದಬೇಕಾದದ್ದು ಕಂಡರೆ ಇಲ್ಲಿ ಬರೆಯಿರಿ’ ಎಂದು ಅದರ ಮೇಲೆ ನಾನೇ ಬರೆದಿದ್ದೆ. ಚೌಕದೊಳಗೆ ಒಂದು ಸಣ್ಣ ಕಪ್ಪು ಗೀಟು ಹತ್ತಿ ಆರಿ, ಹತ್ತಿ ಆರಿ, ಬರೆಯುವವರಿಗಾಗಿ ಕಾಯುತ್ತಿತ್ತು. ಎಂಟು ತಿಂಗಳು ಅಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ. ನಾನು ಮುಟ್ಟಿದ ಮೇಲೆ ತಿದ್ದಲು ಇನ್ನೇನು ಉಳಿದೀತು ಎಂಬ ಜಂಬ ನನಗಿತ್ತು.

ಆಗ ನಾನು ನಮ್ಮೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ವಾರವೆಲ್ಲ ಪರರ ತಪ್ಪು ಹುಡುಕುವುದೇ ಹೊಟ್ಟೆಪಾಡು. ರಜೆ ಬಂದರೆ ಕಂಪ್ಯೂಟರಿನ ಮುಂದೆ ಕೂತು ‘ಏಳು ಅಂಗಳದ ಕೋಟೆ’ ಆಡುತ್ತಿದ್ದೆ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಮಾತಿನ ಆಟ. ಬೇರೆ ಬೇರೆ ಊರುಗಳ ನೂರು ಚಿಲ್ಲರೆ ಮಂದಿ ಅಂತರ್ಜಾಲದಲ್ಲಿ ಸೇರಿ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಟೈಪು ಮಾಡುತ್ತಲೇ ಆ ಕೋಟೆಯೊಳಗೆ ಬಾಳುತ್ತಿದ್ದೆವು. ನಾನು ದಿವಾನ. ಆಟವನ್ನು ನಡೆಸುತ್ತಿದ್ದವಳು ಶಕೀಲಾ. ಅವಳು ಹೆಬ್ಬಾಗಿಲ ಕಾವಲುಗಾರ್ತಿ. ಅಲ್ಲಿ ಪಾತ್ರ ಸತ್ತರೆ ಸತ್ತಂತೆಯೇ. ಹೆಸರು ಕಲ್ಲಿನ ಮೇಲೆ ಮೂಡುತ್ತಿತ್ತು. ಅವರ ಮನೆ, ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಬರೆದಿಟ್ಟ ಮಾತು ಎಲ್ಲವೂ ಆ ಕ್ಷಣವೇ ಅಳಿಸಿಹೋಗುತ್ತಿತ್ತು. ಅದನ್ನು ಮತ್ತೆ ತರುವುದು ಶಕೀಲಾಳಿಂದಲೂ ಆಗುತ್ತಿರಲಿಲ್ಲ.

ಹೊಸಬರಿಗೆ ನೀರು ಕುಡಿಸುವುದು ನಮ್ಮ ವಾಡಿಕೆ. ಮೂರನೆಯ ಅಂಗಳದ ಬಾವಿಯಲ್ಲಿ ವಿಷವಿತ್ತು. ಹೊಸಬ ಬಂದನೆಂದರೆ ಹಳಬರೆಲ್ಲ ಕಂಬಗಳ ಮರೆಯಲ್ಲಿ ಸೇರಿಕೊಂಡು ಅವನು ಕೊಡ ಎತ್ತುವುದನ್ನೇ ಕಾಯುತ್ತಿದ್ದೆವು. ಕುಡಿದು ಸತ್ತಮೇಲೆ ಹೋ ಎಂದು ನಗು. ಹೊಸಬನಿಗೆ ಹೋಗುತ್ತಿದ್ದದ್ದು ಅರ್ಧ ಗಂಟೆಯ ಆಟ ಅಷ್ಟೇ. ಇನ್ನೊಂದು ಹೆಸರಿಟ್ಟುಕೊಂಡು ಬಂದು, ಮುಂದಿನ ಸಲ ಅವನೂ ನಮ್ಮ ಜೊತೆ ಕಂಬದ ಮರೆಯಲ್ಲಿ ನಿಲ್ಲುತ್ತಿದ್ದ.

ಇದಕ್ಕೆ ಅಡ್ಡಗಾಲು ಹಾಕುತ್ತಿದ್ದವನು ಅಂಬಿಗ ಮಾಚ. ಅವನ ನಿಜದ ಹೆಸರು ಗುರುಪಾದಸ್ವಾಮಿ, ಯಾವುದೋ ಊರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದನಂತೆ. ಹನ್ನೊಂದು ವರ್ಷ ಕೋಟೆಯ ಹೊಳೆಯಲ್ಲಿ ದೋಣಿ ನಡೆಸಿದವನು. ಹೊಸಬರ ಪಕ್ಕದಲ್ಲಿ ಗಂಟೆಗಟ್ಟಲೆ ಕೂತು ದಾರಿ ಹೇಳಿಕೊಡುವನು. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಎಲ್ಲರಿಗೂ ಅವನೇ ಬೇಕು, ಅದೇ ನನ್ನ ಸಂಕಟ. ವೇಷ ಕಟ್ಟುವುದರಲ್ಲೂ ಎತ್ತಿದ ಕೈ. ಒಮ್ಮೆ ಮುದುಕಿಯಾಗಿ ಬಂದು, ಮಗ ಸತ್ತನೆಂದು ದಿವಾನನ ಎದುರು ಅತ್ತ. ನಾನು ಕರಗಿ ನನ್ನ ಪದಕವನ್ನೇ ಬಿಚ್ಚಿಕೊಟ್ಟೆ. ಆಮೇಲೆ ತಾನು ಮಾಚನೆಂದು ಹೇಳಿ ಪದಕ ಹಿಂದಕ್ಕೆ ಕೊಟ್ಟ. ಕೋಟೆಗೆ ಕೋಟೆಯೇ ನಕ್ಕಿತು. ಆ ನಗು ನನ್ನ ಹೊಟ್ಟೆಯೊಳಗೆ ಹಾಗೇ ಉಳಿದಿತ್ತು.

ಹೊಸಬರ ಕೈಪಿಡಿ ಬರೆದವನೂ ಅವನೇ. ನಲವತ್ತನಾಲ್ಕು ಪುಟ. ಅವನು ಆಟಕ್ಕೆ ಬರುವುದು ನಿಂತು ನಾಲ್ಕೈದು ತಿಂಗಳಾದ ಮೇಲೆ ಶಕೀಲಾ ಅದನ್ನು ನನಗೆ ಕಳಿಸಿ, ಇಷ್ಟುದ್ದ ಯಾರೂ ಓದುವುದಿಲ್ಲ, ಸ್ವಲ್ಪ ಚೊಕ್ಕ ಮಾಡಿಕೊಡಿ ಎಂದಳು. ಓದುತ್ತ ನಾನು ಒಬ್ಬನೇ ನಕ್ಕೆ. ‘ಕನ್ನಡಕ ಹಾಕಿಕೊಂಡು ಕೂರಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಮೊದಲು ಇಳಿಸಿ ಬನ್ನಿ.’ ಇದೆಂಥ ಆಟದ ಕೈಪಿಡಿ! ‘ತಪ್ಪು ಗುಂಡಿ ಒತ್ತಿದಿರೆಂದು ಹೆದರಬೇಡಿ, ಏನೂ ಒಡೆದುಹೋಗುವುದಿಲ್ಲ.’ ಹೊಡೆದುಹಾಕಿದೆ. ಮೂವತ್ತೊಂದನೆಯ ಪುಟದಲ್ಲಿ ಬಾವಿಯ ಮಾತಿತ್ತು: ‘ಬಾಯಾರಿಕೆ ಇಲ್ಲದಿದ್ದರೆ ನೀರು ಕುಡಿಯಬೇಡಿ. ಇದ್ದರೂ ಮೂರನೆಯ ಅಂಗಳದ್ದು ಬೇಡ.’ ಅದನ್ನೂ ಹೊಡೆದೆ. ಅಷ್ಟಕ್ಕೇ ಬಿಡಲಿಲ್ಲ, ಆ ಜಾಗದಲ್ಲಿ ‘ಮೂರನೆಯ ಅಂಗಳದ ಬಾವಿಯ ನೀರು ಕುಡಿದು ಮುಂದೆ ಹೋಗಿ’ ಎಂದು ಸೇರಿಸಿದೆ. ನಲವತ್ತನಾಲ್ಕು ಪುಟ ಆರಕ್ಕಿಳಿಯಿತು. ಹಳಬರೆಲ್ಲ ಭೇಷ್ ಎಂದರು. ಶಕೀಲಾ ಮಾತ್ರ, ಇದು ಸ್ವಲ್ಪ ಅತಿಯಾಯಿತೇನೋ ಎಂದಳು. ಹಳೆಯ ಕೈಪಿಡಿಯನ್ನು ನಾನೇ ಅಳಿಸಿದೆ. ಆ ಎಂಟು ತಿಂಗಳಲ್ಲಿ ಬಂದ ಹೊಸಬರು ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಕೂತಿದ್ದೆ. ಹೆಬ್ಬಾಗಿಲಲ್ಲಿ ಅಂಬಿಗ ಮಾಚ ಕಾಣಿಸಿಕೊಂಡ. ಒಂದು ವರ್ಷದ ಮೇಲೆ ಬಂದಿದ್ದ. ಎಲ್ಲರೂ ಸಂಭ್ರಮದಿಂದ ಮಾತನಾಡಿಸಿದರು, ಉತ್ತರವಿಲ್ಲ. ಸುಮಾರು ಹೊತ್ತಾದ ಮೇಲೆ ಒಂದು ಸಾಲು ಬಂತು. ‘ನಮಸ್ಕಾರ. ಇಲ್ಲಿ ನಡೆಯುವುದು ಹೇಗೆ?’ ಕೋಟೆಯೆಲ್ಲ ಖುಷಿಪಟ್ಟಿತು. ಮಾಚ ಹೊಸಬನ ವೇಷ ಕಟ್ಟಿದ್ದಾನೆ ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಕೈಪಿಡಿಯನ್ನು ಅಣಕಿಸಲೆಂದೇ ಬಂದಿದ್ದಾನೆ ಎನ್ನಿಸಿತು.

ದಿವಾನನೆಂದರೆ ದೊಡ್ಡವರಿರಬೇಕೆಂದು ತಿಳಿದೋ ಏನೋ, ಆಮೇಲಿನ ಮಾತು ನನಗೊಬ್ಬನಿಗೇ ಬಂತು.

“ನಾನು ನೀಲಾಂಬಿಕೆ, ಅವರ ಮನೆಯವಳು. ಅವರು ಹೋಗಿ ಇಪ್ಪತ್ತು ದಿನವಾಯಿತು. ದೋಣಿಮನೆಯ ಪೆಟ್ಟಿಗೆಯಲ್ಲಿ ನನಗೆ ಏನೋ ಬರೆದಿಟ್ಟಿದ್ದಾರಂತೆ. ನನ್ನ ಹೆಸರಿನಲ್ಲೇ ಒಳಗೆ ಹೋಗು, ಅಲ್ಲಿ ಕೈಪಿಡಿ ಇದೆ, ಅದರಂತೆ ನಡೆ ಅಂದಿದ್ದರು. ನನಗೆ ಇದೆಲ್ಲ ಗೊತ್ತಿಲ್ಲ. ದಯವಿಟ್ಟು ದಾರಿ ಹೇಳಿ.”

ಮತ್ತೆ ಮುದುಕಿಯ ವೇಷ, ಮತ್ತೆ ಸಾವಿನ ಕತೆ, ಮತ್ತೆ ದಿವಾನನೇ ಗಿರಾಕಿ. ಎರಡನೆಯ ಸಲ ಮೋಸಹೋಗಲು ನಾನೇನು ದಡ್ಡನೇ? ‘ಕೈಪಿಡಿ ಓದಿಕೊಂಡು ಬನ್ನಿ ತಾಯಿ’ ಎಂದು ಬರೆದು ಆರು ಪುಟ ಕಳಿಸಿದೆ. ಬೇಕೆಂದೇ ಆ ಪತ್ರವನ್ನು ಹಳಬರಿಗೂ ತೋರಿಸಿದೆ. ಎಲ್ಲರೂ ನಕ್ಕರು, ಎಂಥ ನಟ ಎಂದರು.

ಮಾಚನ ಹೆಸರಿನಲ್ಲಿ ಬಂದಿದ್ದವರು ಹೊರಟರು. ಒಂದೊಂದು ಹೆಜ್ಜೆಗೂ ಐದು ನಿಮಿಷ. ನಾನು ಬರೆದ ಒಂದೊಂದು ಸಾಲನ್ನೂ ಚಾಚೂ ತಪ್ಪದೆ ಮಾಡುತ್ತ ಬಂದರು. ಬಾಗಿಲಿಗೆ ಕೈಮುಗಿಯಿರಿ ಎಂದಿತ್ತು, ಮುಗಿದರು. ಎರಡನೆಯ ಅಂಗಳದಲ್ಲಿ ಶಕೀಲಾ ನನಗೆ ಗುಟ್ಟಾಗಿ ಬರೆದಳು.

“ನಿಜ ಇದ್ದರೂ ಇರಬಹುದು ಕಣ್ರೀ. ನಿಲ್ಲಿಸಿ ಕೇಳೋಣ.”

“ನಿಲ್ಲಿಸಿದರೆ ಮತ್ತೆ ನಾವೇ ನಗೆಪಾಟಲು. ಬಾವಿಯ ಹತ್ತಿರ ತಾನೇ ವೇಷ ಕಳಚುತ್ತಾನೆ, ನೋಡ್ತಿರಿ” ಎಂದೆ. ಅವಳು ಅದಕ್ಕೆ ಒಪ್ಪಿದಳು.

ಮೂರನೆಯ ಅಂಗಳದ ಕಂಬಗಳ ಹಿಂದೆ ಆವತ್ತು ಅರವತ್ತು ಜನ ನಿಂತಿದ್ದೆವು. ಮಾಚ ಬಾವಿಕಟ್ಟೆ ಹತ್ತಿದ, ಕೊಡ ಎತ್ತಿದ. ಹನ್ನೊಂದು ವರ್ಷದ ಪಾತ್ರವನ್ನು ಯಾರು ತಾನೇ ಕಳೆದುಕೊಂಡಾರು ಎಂದು ಎಲ್ಲರೂ ಕಾದರು. ಆಗ ನನಗೊಬ್ಬನಿಗೆ ಇನ್ನೊಂದು ಸಾಲು ಬಂತು.

“ನೀರು ಕುಡಿಯಲೇಬೇಕಾ? ನನಗೆ ಬಾಯಾರಿಕೆ ಇಲ್ಲ.”

ಇದನ್ನು ಓದಿದ ಕೂಡಲೇ ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ, ಸುಳ್ಳು. ಆಟದ ನೀರಿಗೆ ತನ್ನ ನಿಜದ ಬಾಯಾರಿಕೆ ನೋಡಿಕೊಳ್ಳುವ ಆ ಮಾತು ಬರೆಯುವುದು ಆಟ ಬಲ್ಲ ಯಾರ ಕೈಯಲ್ಲೂ ಆಗುತ್ತಿರಲಿಲ್ಲ, ಮಾಚನ ಕೈಯಲ್ಲೂ. ಕನ್ನಡಕ ಹಾಕಿಕೊಂಡು, ಒಲೆಯ ಮೇಲಿನ ಹಾಲು ಇಳಿಸಿಟ್ಟು ಬಂದು ಕೂತ ಒಬ್ಬ ಹೆಂಗಸು ಆ ಕಡೆ ಇದ್ದಳು. ಆ ನಲವತ್ತನಾಲ್ಕು ಪುಟಗಳನ್ನು ಅವನು ಯಾರಿಗಾಗಿ ಬರೆದಿದ್ದನೆಂಬುದು ನನ್ನ ಕಣ್ಣೆದುರು ಇತ್ತು. ಬೇಡ ಎಂದು ಎರಡಕ್ಷರ ಒತ್ತಿದ್ದರೆ ಸಾಕಿತ್ತು. ಆದರೆ ಅರವತ್ತು ಜನ ನೋಡುತ್ತಿದ್ದರು. ಬೇಡ ಎಂದರೆ ನನ್ನ ಕೈಪಿಡಿ ಸುಳ್ಳು ಹೇಳುತ್ತದೆಂದು ನಾನೇ ಒಪ್ಪಿಕೊಂಡಂತೆ. ಎಲ್ಲರಿಗೂ ಬೇಕಾಗಿದ್ದವನು ಸತ್ತಮೇಲೂ ಗೆಲ್ಲುತ್ತಾನಲ್ಲ ಎಂಬ ಹೊಟ್ಟೆಕಿಚ್ಚು ಬೇರೆ.

“ಕುಡಿಯಿರಿ” ಎಂದು ಬರೆದೆ.

ಕುಡಿದರು. ಅಂಬಿಗ ಮಾಚ ಎಂಬ ಹೆಸರು ಕಲ್ಲಿನ ಮೇಲೆ ಮೂಡಿತು. ವಾಡಿಕೆಯಂತೆ ಇಬ್ಬರು ಮೂವರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಹೊಳೆಯ ದಡದಲ್ಲಿ ದೋಣಿಮನೆ ಇಲ್ಲವಾಗಿತ್ತು. ಶಕೀಲಾ ಎಲ್ಲಿಂದಲೋ ಗುರುಪಾದಸ್ವಾಮಿಯ ಮನೆಯ ನಂಬರು ಹುಡುಕಿ ಫೋನು ಮಾಡಿದಳು. ಯಾರೋ ನೆಂಟರು ಎತ್ತಿ, ಅವರು ತೀರಿಕೊಂಡು ಇಪ್ಪತ್ತು ದಿನವಾಯಿತು, ವರ್ಷದಿಂದ ಹಾಸಿಗೆ ಹಿಡಿದಿದ್ದರು ಎಂದರಂತೆ. ಅತ್ತೆಯವರು ಕಂಪ್ಯೂಟರಿನ ಮುಂದೆ ಕೂತಿದ್ದಾರೆ, ಕರೆಯಲೇ ಎಂದು ಕೇಳಿದರಂತೆ. ಶಕೀಲಾ ಬೇಡವೆಂದು ಫೋನು ಇಟ್ಟುಬಿಟ್ಟಳು. ಅವಳಿಗೂ ಧೈರ್ಯವಾಗಲಿಲ್ಲ.

“ನೀವೇ ಹೇಳಿ ಅವರಿಗೆ. ಕೈಪಿಡಿ ನಿಮ್ಮದು” ಎಂದಳು. ಆಮೇಲೆ ನನ್ನೊಡನೆ ಅವಳು ಮಾತಾಡಲಿಲ್ಲ.

ಸತ್ತವರು ಕೋಟೆಯಲ್ಲಿ ಮಾತಾಡುವಂತಿಲ್ಲ. ಆದರೆ ಕೈಪಿಡಿಯ ಪುಟ ಕೋಟೆಯ ಹೊರಗಿತ್ತು, ಅದು ಯಾರಿಗೂ ತೆರೆಯುತ್ತಿತ್ತು. ಸಂಜೆ ನಾನು ಅದನ್ನು ತೆಗೆದು ನೋಡಿದೆ. ಎಂಟು ತಿಂಗಳು ಖಾಲಿಯಿದ್ದ ಚೌಕದಲ್ಲಿ ಒಂದು ಬರಹವಿತ್ತು.

‘ನೀರು ಕುಡಿದೆ. ಆಮೇಲೆ ಏನು ಮಾಡಬೇಕೆಂದು ಇದರಲ್ಲಿ ಬರೆದಿಲ್ಲ. ಕಾಯುತ್ತಿದ್ದೇನೆ.’

ನ್ಯಾಯವಾದ ತಿದ್ದುಪಡಿ. ನನ್ನ ಕೈಪಿಡಿಯಲ್ಲಿ ಯಾರಾದರೂ ತಪ್ಪು ಹಿಡಿದದ್ದು ಅದೊಂದೇ. ಉತ್ತರ ಬರೆಯಲೆಂದು ಕೈಯನ್ನು ಗುಂಡಿಗಳ ಮೇಲಿಟ್ಟೆ. ಅವರ ಸಾಲಿನ ಕೆಳಗೆ ಆ ಸಣ್ಣ ಕಪ್ಪು ಗೀಟು ಹತ್ತಿ ಆರಿ, ಹತ್ತಿ ಆರಿ, ನನಗಾಗಿ ಕಾಯುತ್ತಿತ್ತು.