ದೋಣಿಯವನ ಕಿವಿ

ಕೆರೆ ದಂಡೆಯ ಪುಟ್ಟ ಚರ್ಚಿನಲ್ಲಿ ಕಸ ಗುಡಿಸುವವಳು ನಾನು. ಬಾಗಿಲ ಪಕ್ಕ ದೋಣಿಯವನೊಬ್ಬನ ಕಲ್ಲಿನ ಮೂರ್ತಿ ಇದೆ. ಒಳಗೆ ಹೋಗುವವರೆಲ್ಲ ಮೊದಲು ಅವನ ಬಲಗಿವಿ ಹಿಂಡುತ್ತಾರೆ. ತಲೆಮಾರುಗಳಿಂದ ಹಿಂಡಿಸಿಕೊಂಡು ಆ ಕಿವಿ ಸವೆದು ಅಂಗಿಗುಂಡಿಯಷ್ಟಾಗಿದೆ.

ಕತೆ ಎಲ್ಲರಿಗೂ ಬಾಯಿಪಾಠ. ತಾಯಿಯೊಬ್ಬಳು ಜ್ವರದ ಮಗುವನ್ನೆತ್ತಿಕೊಂಡು ಆಚೆ ದಡದಿಂದ ದೋಣಿಗೆ ಕೂಗಿದಳಂತೆ. ಇವನು ಈಚೆ ದಡದಲ್ಲಿ ಬೆನ್ನು ಹಾಕಿ ಕೂತು ಬಲೆ ಹೊಲಿಯುತ್ತಿದ್ದ. ಗಂಟಲು ಹರಿಯುವ ಹಾಗೆ ಕೂಗಿದರೂ ತಿರುಗಲಿಲ್ಲ. ಅವಳು ನೀರಿಗಿಳಿದಳು, ಇಬ್ಬರೂ ಮುಳುಗಿದರು. ಹೆಣ ಸಿಕ್ಕ ಜಾಗದಲ್ಲಿ ಊರವರು ಚರ್ಚು ಕಟ್ಟಿ, ಬಾಗಿಲಲ್ಲಿ ಇವನ ಮೂರ್ತಿ ನಿಲ್ಲಿಸಿದರು. ನನಗೆ ಕೇಳಿಸಲೇ ಇಲ್ಲ ಅಂತ ಅವನು ಎದೆ ಬಡಿದುಕೊಂಡನಂತೆ. ಅದು ಜಾಣಕಿವುಡು ಅಂದರು ಜನ.

ಅವನು ನಮ್ಮ ವಂಶದ ಹಿರಿಯ. ಹಾಗಾಗಿ ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಊರಿಗೆ ಅದು ದೋಣಿ ಮನೆ ಬುದ್ಧಿ. ನಮ್ಮಪ್ಪ ಊಟ ಆಯ್ತಾ ಅಂದರೆ ಬಾಗಿಲು ಹಾಕಿದೀನಿ ಅನ್ನುತ್ತಿದ್ದ. ನಾವೂ ಬಿದ್ದು ಬಿದ್ದು ನಗುತ್ತಿದ್ದೆವು, ಅದರಾಚೆ ಯೋಚಿಸಲಿಲ್ಲ.

ನನ್ನ ತಮ್ಮ ಕಲ್ಲುಕುಟಿಗ. ಮೂರ್ತಿಗೆ ಹೊಸ ಕಿವಿ ಕೂರಿಸುವ ಕೆಲಸವನ್ನು ಪಾದ್ರಿಗಳು ಅವನಿಗೇ ಒಪ್ಪಿಸಿದರು. ಹಿಂಡಲು ಸರಿಯಾಗಿ ಸಿಗಬೇಕಲ್ಲ! ತಮ್ಮ ಮರುಮಾತಾಡದೆ ಒಪ್ಪಿಕೊಂಡ. ಇವನಿಗೆ ಮಾನ ಮರ್ಯಾದೆ ಇಲ್ಲವೇ ಅಂತ ನನಗೆ ಮೈಯೆಲ್ಲ ಉರಿಯಿತು.

ಕೆಲಸ ಶುರುವಾದ ಬೆಳಿಗ್ಗೆ ಶಾಲೆಯ ಟೀಚರು ಅವನನ್ನು ಗೇಟಿನಲ್ಲೇ ತಡೆದು, ನಿಮ್ಮ ಮಗಳು ಕರೆದರೆ ತಿರುಗಿಯೂ ನೋಡಲ್ಲ, ಈ ಮೊಂಡುತನ ಬಿಡೋವರೆಗೂ ಶಾಲೆಗೆ ಕಳಿಸಬೇಡಿ ಅಂದರಂತೆ. ದೋಣಿ ಮನೆ ಬುದ್ಧಿ ಅಂತ ಸೇರಿಸುವುದನ್ನೂ ಮರೆಯಲಿಲ್ಲ. ತಮ್ಮ ಅಲ್ಲೇ ಮಗಳ ಕಿವಿ ಹಿಂಡಿ, ದರದರ ಎಳೆದುಕೊಂಡು ಕೆಲಸಕ್ಕೆ ಬಂದ. ಕೂಸಿನ ಕಿವಿ ಕೆಂಪಗೆ ಊದಿತ್ತು.

ಅವಳು ನಮಗೆ ಬೆನ್ನು ಹಾಕಿ ಕಲ್ಲಿನ ಚೂರು ಜೋಡಿಸುತ್ತ ಕೂತಳು. ಅಷ್ಟರಲ್ಲಿ ಗೋಡೆಗೆ ಒರಗಿಸಿದ್ದ ಕಬ್ಬಿಣದ ಏಣಿ ಜಾರಿ ಚಪ್ಪಡಿಯ ಮೇಲೆ ಬಿತ್ತು. ಪಾರಿವಾಳಗಳೆಲ್ಲ ಹಾರಿಹೋದವು. ಪಾದ್ರಿಗಳು ಒಳಗಿಂದ ಓಡಿಬಂದರು. ಹುಡುಗಿ ಮಾತ್ರ ಒಂದು ಚೂರಿನ ಮೇಲೆ ಇನ್ನೊಂದನ್ನು ಇಡುತ್ತಲೇ ಇದ್ದಳು.

ತಮ್ಮ ಮೆಲ್ಲನೆ ಅವಳ ಹಿಂದೆ ಹೋಗಿ ನಿಂತ. ಹೆಸರು ಹಿಡಿದು ಕರೆದ. ಕಿವಿಯ ಹತ್ತಿರವೇ ಉಳಿಗೆ ಸುತ್ತಿಗೆಯಿಂದ ಹೊಡೆದ. ಅವಳು ಕದಲಲಿಲ್ಲ. ಆಮೇಲೆ ಅವನ ನೆರಳು ಚೂರುಗಳ ಮೇಲೆ ಬಿತ್ತು. ಅವಳು ತಿರುಗಿ ಅಪ್ಪನನ್ನು ನೋಡಿದವಳೇ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಳು.

ನನ್ನ ಕೈಯಿಂದ ಪೊರಕೆ ಬಿತ್ತು. ಬಾಗಿಲು ಹಾಕಿದೀನಿ ಅನ್ನುತ್ತಿದ್ದ ನಮ್ಮಪ್ಪನ ನಗುಮುಖ ಕಣ್ಣಮುಂದೆ ಬಂತು.

"ಅಕ್ಕಾ," ಅಂದ ತಮ್ಮ ಮೂರ್ತಿಯತ್ತ ತಿರುಗಿ, "ಅವನಿಗೆ ನಿಜವಾಗ್ಲೂ ಕೇಳಿಸ್ತಿರ್ಲಿಲ್ಲ ಕಣೇ."

ಪಾದ್ರಿಗಳು ಬೇಡ ಬೇಡ ಅನ್ನುತ್ತಿದ್ದ ಹಾಗೇ, ಕಲ್ಲಿನ ತಲೆಯಲ್ಲಿ ಉಳಿದಿದ್ದ ಆ ಗುಂಡಿಯಷ್ಟು ಕಿವಿಯನ್ನೂ ಕೆತ್ತಿ ನುಣ್ಣಗೆ ಮಾಡಿದ. ಇನ್ನು ಯಾರ ಬೆರಳಿಗೂ ಅಲ್ಲಿ ಏನೂ ಸಿಗುವುದಿಲ್ಲ. ಉಳಿ ಕೆಳಗಿಟ್ಟು ಮಗಳ ಮುಂದೆ ಮಂಡಿಯೂರಿ ಕೂತ. ಅವಳು ಇನ್ನೂ ಕಿವಿಯಿಂದ ಕೈ ತೆಗೆದಿರಲಿಲ್ಲ.