ಕೃತ್ತಿಕೆ ಬಿದ್ದ ಗಾಜು

ನಾನು ಒಂದು ಗಾಜು. ಹುಟ್ಟಿದ್ದು ಹಡಗಿನ ಕಿಟಕಿಗೆಂದು. ಸಮುದ್ರ ಬಡಿದರೂ ಒಡೆಯಬಾರದೆಂದು ನನ್ನನ್ನು ಎರಡು ಬೆರಳು ದಪ್ಪಕ್ಕೆ ಎರಕ ಹೊಯ್ದಿದ್ದರು. ಹಡಗು ಮುದಿಯಾದ ಮೇಲೆ ದಂಡೆಗೆಳೆದು ಕೊಯ್ದರು. ಗುಜರಿ ಚೀಲಗಳಲ್ಲಿ ಊರೂರು ತಿರುಗಿ ಗದಗಿಗೆ ಬಂದೆ. ಅಲ್ಲಿ ಚಷ್ಮಾದ ಗಾಜು ಉಜ್ಜುವ ಈರಸಂಗಪ್ಪ ನನ್ನನ್ನು ಕೊಂಡ.

ಅವನ ಮಗಳು ಕಸ್ತೂರಿಗೆ ಇರುಳುಗಣ್ಣು. ಹುಟ್ಟಿದ್ದು ಕೃತ್ತಿಕೆಯಲ್ಲಿ, ಆದರೆ ಒಂದು ನಕ್ಷತ್ರವನ್ನೂ ಕಂಡವಳಲ್ಲ. ಈಗ ಹಗಲಿನ ನೋಟವೂ ಅಂಚಿನಿಂದ ಒಳಗೆ ಮುಚ್ಚಿಕೊಳ್ಳುತ್ತಿತ್ತು. ಕಪ್ಪುಹಲಗೆ ಕಾಣದೆ ಶಾಲೆ ಬಿಟ್ಟಿದ್ದಳು. ಕಣ್ಣಿನ ಒಳಪರದೆ ಒಣಗುತ್ತಿದೆ, ಇದಕ್ಕೆ ಚಷ್ಮಾ ಇಲ್ಲ ಎಂದು ಡಾಕ್ಟರು ಹೇಳಿದ್ದರು.

"ಪೂರಾ ಹೋಗೋದ್ರಾಗ ಒಮ್ಮೆ ನನ್ನ ನಕ್ಷತ್ರ ತೋರಿಸಪ್ಪಾ" ಎಂದು ಅವಳು ಕೇಳಿದಳು. "ಊರಿಗೆಲ್ಲಾ ಕಣ್ಣು ಮಾಡಿ ಕೊಡ್ತಿ, ನನಗೊಂದು ಮಾಡಾಕ ಬರೂದಿಲ್ಲೇನು?"

ಅವಳು ನಗುತ್ತಲೇ ಕೇಳಿದ್ದಳು. ಅವನು ನಗಲಿಲ್ಲ. ಸಣ್ಣ ಗಾಜಿನ ಬೆಳಕು ಅವಳ ಕಣ್ಣಿಗೆ ಸಾಲದು, ದೊಡ್ಡ ದುರ್ಬೀನೇ ಬೇಕೆಂದು ತಿಳಿದು ನನ್ನನ್ನು ತಂದಿದ್ದ.

ಹಳೆಯ ಪೀಪಾಯಿಯ ಮೇಲೆ ಇನ್ನೊಂದು ಗಾಜಿಟ್ಟು, ನಡುವೆ ಮರಳಿನಂಥ ಪುಡಿ ಹಾಕಿ, ನನ್ನನ್ನು ಹಿಂದೆ ಮುಂದೆ ತಿಕ್ಕಿದ. ತಿಕ್ಕುತ್ತ ಪೀಪಾಯಿಯ ಸುತ್ತ ನಡೆದ. ಬೇಸಿಗೆಯೆಲ್ಲ ಸುತ್ತಿದ. ನನ್ನ ಹೊಟ್ಟೆ ನಿಧಾನವಾಗಿ ತಗ್ಗಾಯಿತು. ನೋವಾಯಿತು ಎನ್ನಲಾರೆ, ಆದರೆ ನಾನು ಕಿಟಕಿಯಾಗಿ ಉಳಿಯುವುದಿಲ್ಲವೆಂದು ಗೊತ್ತಾಯಿತು. ಮಳೆಗಾಲ ಮುಗಿಯುವಾಗ ಮೈಗೆ ಬೆಳ್ಳಿಯ ಲೇಪ ಬಂದು ದುರ್ಬೀನಿನ ಕನ್ನಡಿಯಾದೆ. ದೀಪಾವಳಿ ಕಳೆದರೆ ಕೃತ್ತಿಕೆ ಸಂಜೆಗೇ ಮೂಡುತ್ತದೆ, ಆಗ ತೋರಿಸುವೆನೆಂದು ಅರಿವೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ.

ಅದಕ್ಕೆ ಮೊದಲೇ ಖಂಡೇನವಮಿ ಬಂತು. ಆ ದಿನ ಆ ಮನೆಯಲ್ಲಿ ಕಸುಬಿನ ಸಾಮಾನೆಲ್ಲ ತೊಳೆದು ಪೂಜೆಗಿಡುತ್ತಾರೆ. ಈರಸಂಗಪ್ಪ ಹೂವು ತರಲು ಹೋಗಿದ್ದ. ಹೆಂಡತಿ ಗೌರವ್ವ ಇಕ್ಕಳ, ಅರ, ಸಾಣೆಗಳನ್ನು ತೊಳೆದು ನನ್ನನ್ನೂ ಎತ್ತಿಕೊಂಡಳು. "ಮಗಳಿಗೆ ಕಣ್ಣು ಕೊಡೂ ದೇವ್ರು ನೀ. ನಿನ್ನ ಹೆಂಗ ಬಿಡ್ಲಿ?" ಎಂದಳು. ಹಿತ್ತಾಳೆ ದೀಪ ತಿಕ್ಕುವಂತೆ ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಹಾಕಿ ಜೋರಾಗಿ ತಿಕ್ಕಿದಳು. ಬೆಳ್ಳಿ ಎದ್ದುಹೋಯಿತು. ಮೈತುಂಬ ಗೀರು ಬಿದ್ದವು. ಮೇಲೆ ವಿಭೂತಿ ಹಚ್ಚಿ ಸೇವಂತಿಗೆ ಇಟ್ಟಳು.

ಈರಸಂಗಪ್ಪ ಬಂದು ನೋಡಿದ. ಬೈಯಲಿಲ್ಲ. ಹೂವಿನ ಪೊಟ್ಟಣ ಕೈಯಿಂದ ಜಾರಿತು.

"ಏನಾತ್ರೀ? ಸ್ವಚ್ಛ ಆಗಿಲ್ಲೇನು?" ಎಂದು ಕೇಳಿದ ಗೌರವ್ವನಿಗೆ ಅವನ ಮುಖ ನೋಡಿದ ಮೇಲೆ ಅರ್ಥವಾಯಿತು. ಅವತ್ತು ಹೋಳಿಗೆ ಮಾಡಿದ್ದಳು. ಯಾರೂ ಉಣ್ಣಲಿಲ್ಲ.

ಮತ್ತೆ ಪೀಪಾಯಿ, ಮತ್ತೆ ಪುಡಿ. ದೀಪಾವಳಿ ಹೋಯಿತು, ಕಾರ್ತಿಕ ಹೋಯಿತು. ಗೌರವ್ವ ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟು ದಿನಾರೀ?" ಎಂದು ಕೇಳುವಳು. ಅವಳ ಕೈಗೆ ಹುಣಸೆ ತಾಗಿದರೆ ಸೆರಗಿಗೆ ಒರೆಸಿಕೊಳ್ಳುವಳು.

ಪುಷ್ಯಮಾಸದ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕಸ್ತೂರಿ ನನ್ನ ಹತ್ತಿರ ಬಂದಳು. ಮುಖ ನನ್ನ ಮೇಲೆ ಬಾಗಿಸಿದಳು. ತನ್ನ ಕೈಯನ್ನು ತನ್ನ ಕಣ್ಣ ಮುಂದೆ ಆಡಿಸಿದಳು. ರೆಪ್ಪೆ ಅಲುಗಲಿಲ್ಲ. ಮತ್ತೊಮ್ಮೆ ಆಡಿಸಿದಳು. ಆಮೇಲೆ ಗೋಡೆ ಹಿಡಿದು ಒಳಗೆ ಹೋಗಿ, "ಅವ್ವಾ, ಬಿಸಿಲು ಭಾಳ ಐತಿ ಬೇ ಇವತ್ತ" ಎಂದಳು. ಯಾರಿಗೂ ಹೇಳಲಿಲ್ಲ. ನನಗೆ ಬಾಯಿಲ್ಲ.

ಶಿವರಾತ್ರಿಗೆ ಮುಂಚೆ ಹೊಸ ಬೆಳ್ಳಿಯೊಂದಿಗೆ ನಾನು ದುರ್ಬೀನಿನ ಕೊಳವೆಯ ತಳದಲ್ಲಿ ಮಲಗಿದೆ. ದೀಪ ಹಚ್ಚುವ ಹೊತ್ತು ಮಾಳಿಗೆಯ ಮೇಲೆ ಕೃತ್ತಿಕೆ ನನ್ನೊಳಗೆ ಬಿದ್ದಿತು. ಅಬ್ಬಾ, ಹಡಗಿನಲ್ಲಿದ್ದಾಗ ಇದೊಂದೂ ನನಗೆ ಸಿಕ್ಕಿರಲಿಲ್ಲ. ಬರಿಗಣ್ಣಿನವರು ಆರು ಎಂದು ಎಣಿಸುವ ಆ ಗೊಂಚಲು ಕಣದಲ್ಲಿ ಜೋಳ ಚೆಲ್ಲಿದಂತೆ ತುಂಬಿತ್ತು. ಎಣಿಸಲಾಗುತ್ತಿರಲಿಲ್ಲ. ಈರಸಂಗಪ್ಪ ಮೊದಲು ನೋಡಿದ. ಎಷ್ಟಿವೆಯೆಂದು ಹೇಳದೆ ಮಗಳನ್ನು ತಂದು ನಿಲ್ಲಿಸಿದ.

ಅವಳ ಕಣ್ಣು ಬಂತು. ನಾನು ಇದ್ದಬದ್ದ ಬೆಳಕನ್ನೆಲ್ಲ ಅದಕ್ಕೆ ಕೊಟ್ಟೆ. ಅದು ಕೆರೆಗೆ ಎಸೆದ ಕಲ್ಲಿನಂತೆ ಒಳಗೆ ಹೋಯಿತು, ಮರಳಿ ಏನೂ ಬರಲಿಲ್ಲ.

ಗೌರವ್ವ ಪಕ್ಕದಲ್ಲೇ ಇದ್ದಳು. "ಕಂಡ್ವೇನ ಯವ್ವಾ? ನಾ ಕೆಡಿಸಿದ್ದು ಸರಿ ಆತೇನ?"

ಕಸ್ತೂರಿ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. "ಕಂಡ್ವು ಬೇ. ಆರೂ ಅದಾವು. ಛಂದ ಅದಾವು."

ಗೌರವ್ವ ಮಗಳನ್ನು ತಬ್ಬಿಕೊಂಡು ಅತ್ತಳು. ಈರಸಂಗಪ್ಪ ಕೊಳವೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. ಆಮೇಲೆ, "ಹೌದು, ಆರ ಅದಾವು" ಎಂದ.

ಅವನು ಮತ್ತೆ ದುರ್ಬೀನು ಹೊರಗೆ ತೆಗೆಯಲಿಲ್ಲ. ಅವನು ತೀರಿದ ಮೇಲೆ ಕೊಳವೆ ಗುಜರಿಗೆ ಹೋಯಿತು. ನನ್ನನ್ನು ಮಾತ್ರ ಗೌರವ್ವ ಬಿಡಲಿಲ್ಲ. ಈಗ ನಾನು ಉಪ್ಪಿನಕಾಯಿ ಭರಣಿಯ ಮುಚ್ಚಳ. ಬೆಳ್ಳಿ ಕಪ್ಪಾಗಿದೆ. ಮೇಲೆ ನೋಡಿದರೆ ಅಡುಗೆಮನೆಯ ಜಂತೆ, ಹೊಗೆ. ಕೃತ್ತಿಕೆಯ ಬೆಳಕು ನಮ್ಮ ಮಾಳಿಗೆಗೆ ಬರಲು ನಾನೂರು ವರ್ಷ ಹಿಡಿಯುತ್ತದಂತೆ. ಒಂದು ಹಬ್ಬದಷ್ಟು ಮುಂಚೆ ನನ್ನ ಮೇಲೆ ಬಿದ್ದಿದ್ದರೆ ಸಾಕಿತ್ತು.

ಉಪ್ಪಿನಕಾಯಿ ಕೇಳಿ ಬಂದ ಓಣಿಯವರಿಗೆಲ್ಲ ಗೌರವ್ವ ನನ್ನನ್ನು ಎತ್ತಿ ತೋರಿಸುತ್ತಾಳೆ. "ಇದರಾಗ ನನ್ನ ಮಗಳು ಕಣ್ಣು ಹೋಗೂ ಮೊದಲ ತನ್ನ ನಕ್ಷತ್ರ ನೋಡ್ಯಾಳ. ಆರೂ ನೋಡ್ಯಾಳ. ಹೌದಲ್ಲೇನ ಕಸ್ತೂರಿ?"

ಒಳಗೆ ಅಕ್ಕಿ ಆರಿಸುತ್ತಿರುವ ಬೆರಳುಗಳು ನಿಲ್ಲುತ್ತವೆ.

"ಹೌದು ಬೇ."

ಮತ್ತೆ ಅಕ್ಕಿಯ ಸದ್ದು.